ಹೂಂಗುಟ್ಟುವ ಹಲಗೆ

೧

ಈ ಕಥೆಗೆ ಬಾಗಿಲು ಯಾವ ದಿಕ್ಕಿಗೆ ಇಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಮಾದನಾಯಕನಹಳ್ಳಿಯಲ್ಲಿ ಸೈಟಿಗೆ ವಾಸ್ತು ಹೇಳುವವರು ಬೀದಿಗಿಬ್ಬರಿದ್ದಾರೆ, ಕಥೆಗೆ ಹೇಳುವವರು ಒಬ್ಬರೂ ಇಲ್ಲ. ಹಾಗಾಗಿ ದೇವರ ಮೇಲೆ ಭಾರ ಹಾಕಿ ಒಂದು ವಾಕ್ಯ ಬರೆದೆ:

"ಭಾನುವಾರ ಬೆಳಿಗ್ಗೆ ರಕ್ಷಿತಾ ಮದುವೆಗೆ ಒಪ್ಪಿಕೊಂಡಳು."

ಚೆನ್ನಾಗಿದೆ ಅಲ್ಲವೇ? ಹೆಸರಿದೆ, ಹೊತ್ತಿದೆ, ಮದುವೆಯಿದೆ. ಸಂಪಾದಕರಿಗೆ ಖುಷಿಯಾಗುತ್ತದೆಂದು ಕಾಫಿ ಲೋಟಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ವಾಕ್ಯದೊಳಗಿಂದ ರಕ್ಷಿತಾ ತಲೆಯೆತ್ತಿದಳು.

"ಸಾರ್, ನಾನೆಲ್ಲಿ ಒಪ್ಕೊಂಡೆ? ತಪ್ಪು ಬರ್ದಿದೀರ."

"ಎಲ್ಲರೂ ಕೇಳಿಸಿಕೊಂಡಿದ್ದಾರಮ್ಮ. ನೀನು ಹೂಂ ಅಂದೆ."

"ಊಹೂಂ ಅಂದೆ."

"ನನಗೆ ಹೂಂ ಅಂತಲೇ ಕೇಳಿಸಿತು."

"ನೀವೆಲ್ಲಿ ಕೂತಿದ್ರಿ?"

"ಹಾಲಿನಲ್ಲಿ. ಗಂಡಿನ ಕಡೆಯವರ ಪಕ್ಕ."

"ಅದೇ ಮತ್ತೆ! ಎಲ್ರೂ ಹಾಲಿನಲ್ಲೇ ಕೂತಿದ್ರಿ. ನಾನು ಅಡುಗೆಮನೇಲಿದ್ದೆ."

ಸರಿ, ಓದುಗರೇ, ಪರಿಸ್ಥಿತಿ ಇದು. ಒಬ್ಬ ಹುಡುಗಿಯ 'ಊ' ಕಳೆದುಹೋಗಿದೆ. ಅದು ಸಿಕ್ಕದಿದ್ದರೆ ಅವಳಿಗೆ ಬೇಡವಾದ ಮದುವೆ ನಡೆದುಹೋಗುತ್ತದೆ. ಆ ವಾಕ್ಯವನ್ನು ಹೊಡೆದು ಹಾಕಿದ್ದೇನೆ, ನೀವೂ ಮರೆತುಬಿಡಿ.

೨

ನಾನು ಯಾರು ಅಂತ ಹೇಳಲಿಲ್ಲ. ವೈಟ್‌ಫೀಲ್ಡಿನಲ್ಲಿ ಕೂತು ಯಂತ್ರಗಳಿಗೆ ಯೂಸರ್ ಮ್ಯಾನ್ಯುಯಲ್ ಬರೆದು ಹೊಟ್ಟೆ ಹೊರೆಯುವವನು. "ಒದ್ದೆ ಕೈಯಲ್ಲಿ ಮುಟ್ಟಬೇಡಿ" ಎಂಬ ದರ್ಜೆಯ ಸಾಹಿತ್ಯ. ಜನ ಅದನ್ನು ಓದದೆ ನೇರವಾಗಿ ಪ್ಲಗ್ ಹಾಕುತ್ತಾರೆ. ಆ ಸಿಟ್ಟಿಗೆ ರಜಾ ದಿನ ಕಥೆ ಬರೆಯುತ್ತೇನೆ. (ಅದನ್ನೂ ಓದುವುದಿಲ್ಲ. ಆದರೆ ಯಾರಿಗೂ ಶಾಕ್ ಹೊಡೆಯುವುದಿಲ್ಲವೆಂಬ ಸಮಾಧಾನ.) ಪ್ಯಾರಾಗಳಿಗೆ ನಂಬರ್ ಹಾಕುವುದು ಆಫೀಸಿನಿಂದ ಅಂಟಿಕೊಂಡು ಬಂದ ಚಾಳಿ.

ರಕ್ಷಿತಾ ಪೀಣ್ಯದಲ್ಲೊಂದು ಸಣ್ಣ ಕಂಪನಿಯಲ್ಲಿ ಎಂಜಿನಿಯರ್. ಆ ಕಂಪನಿ ತಯಾರಿಸುವುದು ದನಿಯನ್ನು ದೊಡ್ಡದು ಮಾಡುವ ಹಲಗೆಗಳನ್ನು. ಕರೆಂಟಿಲ್ಲ, ಬ್ಯಾಟರಿಯಿಲ್ಲ, ಸ್ಪೀಕರಿಲ್ಲ. ನೋಡಲಿಕ್ಕೆ ಚಪಾತಿ ಮಣೆಯಷ್ಟು ಅಗಲದ ಬಿಳಿ ಪ್ಲಾಸ್ಟಿಕ್. ಒಳಗೆ ಮಾತ್ರ ಚಕ್ಕುಲಿ ಸುತ್ತಿದ ಹಾಗೆ ಸಣ್ಣ ಸಣ್ಣ ದಾರಿಗಳು. ಒಂದು ಕಡೆಯಿಂದ ಹೊಕ್ಕ ಸದ್ದು ಈ ಸುತ್ತುಗಳಲ್ಲಿ ತಿರುಗಿ ತಿರುಗಿ, ಒಂದರ ಮೇಲೊಂದು ಅಲೆ ಪೇರಿಸಿಕೊಂಡು, ಆ ಕಡೆಯಿಂದ ದಪ್ಪವಾಗಿ ಹೊರಬೀಳುತ್ತದೆ. ಅವರ ಭಾಷೆಯಲ್ಲಿ ಇದಕ್ಕೆ ಮೆಟಾಮೆಟೀರಿಯಲ್ ಅನ್ನುತ್ತಾರೆ. 'ಮೆಟಾ' ಎಂಬುದು ಕಣ್ಣಿಗೆ ಬಿದ್ದದ್ದೇ ತಡ, ಇದು ಕಥೆಯೊಳಗೆ ಕಥೆಗಾರನೇ ತಲೆ ಹಾಕುವ ನಮ್ಮ ಮೆಟಾಫಿಕ್ಷನ್ ಜಾತಿಯದೇ ಎಂದು ನಾನು ಕಥೆ ಬರೆಯಲು ಕೂತೆ. ಹಲಗೆ ಶಕ್ತಿಯನ್ನು ಸೃಷ್ಟಿಸುತ್ತದೆ ಎಂದು ಶುರುಮಾಡಿದ್ದೆ...

"ಸೃಷ್ಟಿ ಗಿಷ್ಟಿ ಏನಿಲ್ಲ ಸಾರ್," ಎಂದು ರಕ್ಷಿತಾ ತಡೆದಳು. "ಚದುರಿ ಹೋಗೋ ಸದ್ದನ್ನ ಒಂದ್ಕಡೆ ಗುಡ್ಡೆ ಹಾಕುತ್ತೆ, ಅಷ್ಟೇ. ಪ್ಲಾಸ್ಟಿಕ್ ಸಾಧಾರಣದ್ದೇ. ಒಳಗಿನ ಶೇಪ್ ಕೆಲ್ಸ ಮಾಡೋದು. ಇನ್ನೊಂದ್ ವಿಷ್ಯ ಬರ್ಕೊಳ್ಳಿ, ಇಂಪಾರ್ಟೆಂಟು. ಒಂದು ಹಲಗೆ ಒಂದೇ ಶ್ರುತಿ ಹಿಡಿಯೋದು. ಅದಕ್ಕಿಂತ ಮೇಲಿಂದೂ ಬೇಡ, ಕೆಳಗಿಂದೂ ಬೇಡ."

ಬರೆದುಕೊಂಡೆ. ಪೀಣ್ಯದ ಶೆಡ್ಡುಗಳಲ್ಲಿ ಇದು ಭಾರಿ ಉಪಯೋಗದ ವಸ್ತು. ಹತ್ತು ಮೆಷೀನು ಒಟ್ಟಿಗೆ ಬೊಬ್ಬೆ ಹಾಕುತ್ತಿರುವಾಗ, ಯಾವುದೋ ಒಂದು ಮೋಟಾರಿನ ಬೇರಿಂಗ್ ಹಾಳಾಗುತ್ತ ಸಣ್ಣಗೆ ಮುಲುಗುತ್ತಿರುತ್ತದೆ. ಆ ಮುಲುಗಿಗೆ ಶ್ರುತಿ ಮಾಡಿದ ಹಲಗೆಯನ್ನು ಹತ್ತಿರ ಇಟ್ಟರೆ ಅದೊಂದೇ ಎದ್ದು ಕೇಳುತ್ತದೆ. ಮೆಷೀನು ಕೆಟ್ಟು ನಿಲ್ಲುವ ಮೊದಲೇ ರಿಪೇರಿ ಮಾಡಬಹುದು.

ಅಂಥದ್ದೊಂದು ಹಲಗೆ ರಕ್ಷಿತಾಳ ಮನೆಯ ಅಡುಗೆಮನೆಗೆ ಯಾಕೆ ಬಂತು ಅಂದರೆ, ಅವರಪ್ಪನಿಗೆ ಹೂಂ ಬೇಕಿತ್ತು.

೩

ಶೇಖರಪ್ಪನವರು ದಾವಣಗೆರೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾಗಿ, ಮಗಳಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕ ಮೇಲೆ ಹೆಂಡತಿ ಬಸಮ್ಮನ ಸಮೇತ ಮಾದನಾಯಕನಹಳ್ಳಿಯ ಫ್ಲ್ಯಾಟಿಗೆ ಬಂದವರು. ಮೇಷ್ಟ್ರಿಗೆ ಪೇಪರನ್ನು ಮನಸ್ಸಿನಲ್ಲೇ ಓದಿ ಗೊತ್ತಿಲ್ಲ. ಜೋರಾಗಿ ಓದಬೇಕು, ಪಾಠ ಮಾಡಬೇಕು, ಒಂದೊಂದು ವಾಕ್ಯಕ್ಕೂ ಎದುರಿನಿಂದ ಹೂಂ ಬರಬೇಕು. ಹೂಂ ಬರದಿದ್ದರೆ ಮುಂದಿನ ವಾಕ್ಯಕ್ಕೆ ಹೋಗುವುದಿಲ್ಲ, ಗಾಡಿ ಅಲ್ಲೇ ನಿಲ್ಲುತ್ತದೆ.

"ನೋಡೇ, ಈರುಳ್ಳಿ ರೇಟು ಮತ್ತೆ ಬಿದ್ದೈತೆ."

ಅಡುಗೆಮನೆಯಿಂದ ಬಸಮ್ಮ, "ಹೂಂ."

"ಕೇಳ್ತಾ ಇದೀಯೇನೆ?"

"ಹೂಂ ಅಂದ್ನಲ್ರೀ!"

"ಏನು?"

ಕಿವಿ ಸ್ವಲ್ಪ ಮಂದವಾಗಿತ್ತು. ಮಿಷನ್ ಹಾಕಿಸೋಣವೆಂದರೆ "ನಾನೇನ್ ಮುದುಕನಾ" ಎಂದು ರೇಗುತ್ತಿದ್ದರು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ಬಿಲ್ಡರು ಪಾತ್ರೆ ದಾಟಿಸಲೆಂದು ಒಂದು ಕಿಂಡಿ ಬಿಟ್ಟಿದ್ದ. ಅದರಿಂದ ಒಗ್ಗರಣೆ ಘಾಟು ಹಾಲಿಗೆ ನುಗ್ಗುತ್ತದೆಂದು ಬಸಮ್ಮನ ತಕರಾರು ಬೇರೆ ಇತ್ತು. ರಕ್ಷಿತಾ ಅಮ್ಮನ ಹೂಂ ಅನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿ, ಅದೇ ಶ್ರುತಿಗೆ ಒಂದು ಹಲಗೆ ಮಾಡಿಸಿ ತಂದು ಕಿಂಡಿಗೆ ಕೂರಿಸಿಬಿಟ್ಟಳು. ಘಾಟೂ ನಿಂತಿತು, ಹೂಂ ಕೂಡ ಬಂತು. ಎಂಥಾ ಹೂಂ ಅಂತೀರಿ! ಗುಡಿಯೊಳಗೆ ನಿಂತು ಅಂದಂತೆ ಹಾಲಿನ ತುಂಬ ಮೊಳಗುತ್ತಿತ್ತು. ಶೇಖರಪ್ಪನವರು ಅವತ್ತು ಸಂಪಾದಕೀಯದ ತನಕ ಓದಿದರು.

(ಇಲ್ಲಿ ಒಂದು ಮಾತು. ಅಮ್ಮ ಮಗಳ ದನಿ ಒಂದೇ ಅಚ್ಚು. ಫೋನಿನಲ್ಲಿ ನೆಂಟರು ಈಗಲೂ "ಬಸಮ್ಮಾ" ಎಂದು ಶುರುಮಾಡಿ ರಕ್ಷಿತಾಳ ಹತ್ತಿರ ಮಂಡಿನೋವು ಹೇಳಿಕೊಳ್ಳುತ್ತಾರೆ. ಕಥೆಗೆ ಇದು ಬೇಕು.)

೪ (ಹರಿದು ಹಾಕಿದ್ದು)

ರಕ್ಷಿತಾಳ ಮನಸ್ಸಿನಲ್ಲಿ ಬೇರೊಬ್ಬನಿದ್ದ. ಅವನ ಹೆಸರು ನಂದೀಶ್. ಕಾಡುಗೋಡಿಯ ರೂಮೊಂದರಲ್ಲಿ ಗಿಟಾರ್ ಹಿಡಿದುಕೊಂಡು...

"ಯಾರ್ ಸಾರ್ ಇವ್ನು?"

"ನಿನ್ನ ಪ್ರೇಮಿ."

"ನಾನ್ ನೋಡೇ ಇಲ್ವಲ್ಲ ಇವನ್ನ!"

"ಈಗ ನೋಡು. ಊಹೂಂ ಅನ್ನೋಕೆ ಒಂದು ಕಾರಣ ಬೇಡವೇ?"

"ಪ್ರತಿ ಊಹೂಂ ಹಿಂದೆ ಒಬ್ಬ ಹುಡುಗ ನಿಂತಿರ್ಲೇಬೇಕಾ? ಮನೇಲಿ ನೋಡಿರೋ ಹುಡುಗ ಸಿದ್ದಾರ್ಥ್ ಜೊತೆ ಎರಡು ಸಲ ಕಾಫಿ ಕುಡ್ದೆ. ಇಷ್ಟ ಆಗ್ಲಿಲ್ಲ. ಕೆಟ್ಟವರಲ್ಲ, ಆದ್ರೆ ಇಷ್ಟ ಆಗ್ಲಿಲ್ಲ. ಅಷ್ಟೇ."

"ಅಷ್ಟೇ ಅಂದರೆ ಕಥೆಗೆ ಸಾಲುವುದಿಲ್ಲಮ್ಮ."

"ನಂಗೆ ಸಾಕು."

ನಂದೀಶನನ್ನು ವಾಪಸ್ ಕಳಿಸಿದೆ. ಪಾಪ, ಗಿಟಾರ್ ಶ್ರುತಿ ಮಾಡಿಕೊಂಡು ಕೂತಿದ್ದ. ಮೆಟ್ರೊ ಹತ್ತಿ ಹೋದ.

೫

ಈಗ ಆ ಭಾನುವಾರ. ಬಂದವರು ಇಬ್ಬರು: ಹುಡುಗ ಸಿದ್ದಾರ್ಥ್, ಅವನ ತಂದೆ ಚನಬಸಪ್ಪ. ತಾಯಿಗೆ ಕಾಲುನೋವು, ಬರಲಿಲ್ಲ. (ಪಾತ್ರ ಜಾಸ್ತಿಯಾದವೆಂದು ನಾನೇ ಬಿಟ್ಟುಬಂದೆ. ಕಾಲು ಚೆನ್ನಾಗಿಯೇ ಇದೆ.)

ಸಿದ್ದಾರ್ಥ್‌ಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಬೇಗೂರಿನಲ್ಲಿ ಮನೆ. ಮಾದನಾಯಕನಹಳ್ಳಿಯ ಹುಡುಗಿಯನ್ನು ಬೆಂಗಳೂರಿನ ಇನ್ನೊಂದು ತುದಿಯ ಬೇಗೂರಿಗೆ ಕೊಡುವುದೆಂದರೆ ಪರದೇಶಕ್ಕೆ ಕೊಟ್ಟಂತೆ, ವೀಸಾ ಒಂದು ಕೇಳುವುದಿಲ್ಲ. ಆದರೆ ಮಿಕ್ಕಿದ್ದೆಲ್ಲ ಕೂಡಿಬಂದಿತ್ತು. ಒಳಪಂಗಡ ಕೂಡಿತ್ತು, ಮೂಲದ ಊರು ಕೂಡಿತ್ತು, ಚನಬಸಪ್ಪನವರ ಅಣ್ಣ ಶೇಖರಪ್ಪನವರ ಕ್ಲಾಸ್‌ಮೇಟ್ ಎಂಬುದು ಟೀ ಬರುವ ಮೊದಲೇ ಪತ್ತೆಯಾಯಿತು. ನನಗೂ ಹುಡುಗ ಹಿಡಿಸಿದ. ಬಂದವನೇ ಚಪ್ಪಲಿ ನೆಟ್ಟಗೆ ಜೋಡಿಸಿಟ್ಟ, "ಅಂಕಲ್, ಫೋನ್ ಚಾರ್ಜ್ ಹಾಕ್ಲಾ?" ಎಂದು ಕೇಳಿ, ಪ್ಲಗ್ ಇದ್ದ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ.

ಮಂಡಕ್ಕಿ ತಿಂದದ್ದಾಯಿತು. ಚನಬಸಪ್ಪನವರು ಗಂಟಲು ಸರಿಮಾಡಿಕೊಂಡರು.

"ಹುಡುಗೀನ ಒಂದ್ಮಾತು ಕೇಳಿಬಿಡ್ರಲ್ಲ. ಈಗಿನ ಕಾಲದಾಗೆ ಕೇಳ್ಬೇಕು."

"ಕೇಳೋದೇನೈತ್ರಿ, ಕೇಳಾಣ," ಎಂದು ಶೇಖರಪ್ಪನವರು ಕೂತಲ್ಲಿಂದಲೇ ಕಿಂಡಿಯ ಕಡೆ ತಿರುಗಿ ಕೂಗಿದರು. "ರಕ್ಷಿತಾ! ಏನವ್ವಾ, ಒಪ್ಪಿಗೇನಾ?"

ಆಮೇಲೆ ಹಲಗೆಯಿಂದ ತುಂಬು ದನಿಯಲ್ಲಿ, ಇಡೀ ಹಾಲು ಗುಂಯ್ ಅನ್ನುವ ಹಾಗೆ:

"ಹೂಂ."

"ಬೀಗ್ರೇ!" ಎಂದು ಚನಬಸಪ್ಪನವರು ಎದ್ದೇಬಿಟ್ಟರು. ಜೇಬಿನಿಂದ ಸಕ್ಕರೆ ಪೊಟ್ಟಣ ಹೊರಬಂತು. ಮಾತು ಮುಗಿದ ಕೂಡಲೇ ಬಾಯಿಗೆ ಸಕ್ಕರೆ ಹಾಕುವುದು ಅವರ ಕಡೆಯ ಪದ್ಧತಿ. ಒಮ್ಮೆ ಸಕ್ಕರೆ ನಾಲಿಗೆ ಮೇಲೆ ಕರಗಿತೆಂದರೆ ಮಾತು ಹಿಂದೆ ತೆಗೆಯುವ ಹಾಗಿಲ್ಲ, ತೆಗೆದರೆ ಎರಡು ಮನೆತನಕ್ಕೂ ಕೆಟ್ಟ ಹೆಸರು. ಪೊಟ್ಟಣದ ದಾರ ಗಂಟು ಬಿದ್ದಿತ್ತು. ಅದನ್ನು ಬಿಚ್ಚುತ್ತ ನಿಂತರು.

೫ (ಅದೇ ಗಳಿಗೆ, ಗೋಡೆಯ ಆಚೆ)

ರಕ್ಷಿತಾ ಟೀ ಸೋಸುತ್ತಿದ್ದಳು. ಅಪ್ಪ ಕೂಗಿದ್ದು ಕೇಳಿತು. ಆ ಮನೆಯಲ್ಲಿ ಎಲ್ಲದಕ್ಕೂ ಹೂಂ, ಊಹೂಂ ಎರಡೇ ಉತ್ತರ. ಕೈಯಲ್ಲಿ ಕುದಿಯುವ ಪಾತ್ರೆ ಬೇರೆ. ತಲೆ ಎತ್ತದೆ ಅಂದಳು:

"ಊಹೂಂ."

ಓದುಗರೇ, ನೀವೂ ಒಮ್ಮೆ ಅಂದು ನೋಡಿ. (ಬಸ್ಸಿನಲ್ಲಿದ್ದರೆ ಬೇಡ.) 'ಊ' ಮೇಲೆ ಇರುತ್ತದೆ, 'ಹೂಂ' ಕೆಳಗಿಳಿಯುತ್ತದೆ. ಹಲಗೆಗೆ ಕಲಿಸಿದ್ದು ಕೆಳಗಿನ ಶ್ರುತಿ ಒಂದೇ. ಅದು ತನ್ನ ಕೆಲಸ ತಾನು ನಿಯತ್ತಾಗಿ ಮಾಡಿತು. ಊ ಅನ್ನು ಇಲ್ಲೇ ಉಳಿಸಿಕೊಂಡು, ಹೂಂ ಅನ್ನು ದೊಡ್ಡದು ಮಾಡಿ ಹೊರಗೆ ಕಳಿಸಿತು.

"ಅಮ್ಮಾ," ಅಂದಳು ರಕ್ಷಿತಾ. "ನಾನ್ ಈಗ ಏನಂದೆ?"

"ಊಹೂಂ ಅಂದೆ." ಬಸಮ್ಮ ಬಟ್ಟಲು ಜೋಡಿಸುತ್ತಿದ್ದರು. "ಒಳ್ಳೇದಾತು ಬಿಡು, ಆ ಊರು ಭಾಳ ದೂರ."

"ಮತ್ತೆ ಅವ್ರ್ಯಾಕೆ ಬೀಗ್ರೇ ಅಂತ ಕುಣೀತಿದಾರೆ?"

ಇಬ್ಬರೂ ಹಲಗೆಯ ಕಡೆ ನೋಡಿದರು. ರಕ್ಷಿತಾಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ, ತಾನೇ ಮಾಡಿಸಿದ ವಸ್ತು. ಅಯ್ಯೋ ದೇವರೇ ಎಂದು ಹಣೆ ಚಚ್ಚಿಕೊಂಡು, ಶ್ರುತಿಯ ವಿಷಯ ಅಮ್ಮನಿಗೆ ಬಿಡಿಸಿ ಹೇಳಿದಳು.

ಬಸಮ್ಮ ಒಲೆ ಆರಿಸಿದರು.

"ಹಂಗಾರೆ ನಂದೂ ಹಿಂಗೇ ಆಗಿರ್ಬೇಕು ಕಣವ್ವಾ," ಎಂದರು ಆಮೇಲೆ. "ಮೊನ್ನೆ ಮಿರ್ಚಿ ಬಜ್ಜಿ ಮಾಡ್ತೀಯೇನೆ ಅಂತ ಕೇಳಿದ್ರು. ಊಹೂಂ, ಮಂಡಿ ನೋಯ್ತೈತೆ, ನಿಲ್ಲಾಕಾಗಲ್ಲ ಅಂದೆ. ಎಣ್ಣೆ ಇಟ್ಯಾ, ಎಣ್ಣೆ ಇಟ್ಯಾ ಅಂತ ಆಗ್ಲೂ ಕೇಳಿದ್ದೇ ಕೇಳಿದ್ದು. ಈ ಮನುಷ್ಯಂಗೆ ಹಠ ಜಾಸ್ತಿ ಆಗೈತೆ ಅಂದ್ಕಂಡು ನಿಂತು ಕರ್ದೆ."

"ಛೆ, ಅಮ್ಮಾ, ಸಾರಿ. ಎಲ್ಲಾ ನಂದೇ ತಪ್ಪು. ಈ ಹಲಗೆ ಇಲ್ದಿದ್ರೆ..."

"ಹಲಗೆ ಇಲ್ದಾಗ ಏನ್ ಕೇಳಿಸ್ತಿತ್ತು ಅವ್ರಿಗೆ? ಏನೂ ಕೇಳಿಸ್ತಿರ್ಲಿಲ್ಲ. ಕೇಳಿಸ್ದಿದ್ರೂ ಹೂಂ ಅಂತಲೇ ಅಲ್ಲೇನು ಲೆಕ್ಕ?"

ಬಸಮ್ಮ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಟೀಗೆ ಸಕ್ಕರೆ ಹಾಕಿದ್ದೀನೋ ಇಲ್ಲವೋ ಎಂದು ನೆನಪು ಮಾಡಿಕೊಳ್ಳುವ ದನಿಯಲ್ಲಿ ಹೇಳಿದರು. ರಕ್ಷಿತಾ ತನ್ನ ಮದುವೆಯ ಗಾಬರಿಯನ್ನು ಮರೆತು ಅಮ್ಮನ ಮುಖ ನೋಡುತ್ತ ನಿಂತುಬಿಟ್ಟಳು.

"ಏನ್ ನೋಡ್ತೀಯಾ?" ಎಂದರು ಬಸಮ್ಮ. "ಒಳಗ್ ನಿಂತು ಅಂದ್ರೆ ಆಗಲ್ಲವ್ವಾ. ಹೊರಗ್ ಹೋಗು. ಬಾಯ್ಬಿಟ್ಟು ಹೇಳು. ಬಿರ್ರನೆ ಹೋಗು, ಅಲ್ಲಿ ಸಕ್ಕರೆ ಬಿಚ್ಚಾಕತ್ಯಾರೆ."

೬

ನಿಲ್ಲು ನಿಲ್ಲು. ಹೊಸ್ತಿಲು ದಾಟಬೇಡ. ಇಲ್ಲಿ ನಾನು ಮುಕ್ತಾಯಗಳನ್ನು ಕೊಡಬೇಕು, ಈ ಜಾತಿಯ ಕಥೆಯಲ್ಲಿ ಅದು ರೂಢಿ.

ಮುಕ್ತಾಯ ಅ: ಹಿರಿಯರ ಮುಖ ನೋಡಿ ರಕ್ಷಿತಾ ಸುಮ್ಮನಾಗುತ್ತಾಳೆ. ಬೇಗೂರಿನಲ್ಲಿ ಸಂಸಾರ. ನಿಧಾನವಾಗಿ ಪ್ರೀತಿ ಹುಟ್ಟುತ್ತದೆ. (ಇದನ್ನು ನಮ್ಮ ದೊಡ್ಡಮ್ಮ ಬರೆಸಿದರು.)

ಮುಕ್ತಾಯ ಆ: ಹಲಗೆ ತಾನಾಗಿ ಕಳಚಿ ಬಿದ್ದು ಚೂರಾಗುತ್ತದೆ. ಅಪಶಕುನವೆಂದು ಗಂಡಿನ ಕಡೆಯವರು ಎದ್ದು ಹೋಗುತ್ತಾರೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

"ಅದು ಬೀಳಲ್ಲ ಸಾರ್, ನಾಲ್ಕು ಸ್ಕ್ರೂ ಹಾಕಿದೀನಿ," ಎಂದಳು ರಕ್ಷಿತಾ.

ಮುಕ್ತಾಯ ಇ: ನಾನೇ, ಅಂದರೆ ಕಥೆಗಾರ, ಎದ್ದು ನಿಂತು "ಚನಬಸಪ್ಪನವರೇ, ಹುಡುಗಿ ಅಂದದ್ದು ಊಹೂಂ" ಎಂದು ಸಾರುತ್ತೇನೆ. ಚಪ್ಪಾಳೆ.

"ಊಹೂಂ ಅಂದಿದ್ದು ನಾನು, ಚಪ್ಪಾಳೆ ನಿಮ್ಗಾ? ಜಾಗ ಬಿಡಿ ಸಾರ್."

ಬಿಟ್ಟೆ. ಇನ್ನೇನು ಮಾಡಲಿ? ಅವಳ ಕೈಯಲ್ಲಿ ಬಿಸಿ ಟೀ ತಟ್ಟೆ ಇತ್ತು.

೭

ದಾರದ ಗಂಟು ಬಿಚ್ಚಿತ್ತು. ಚನಬಸಪ್ಪನವರ ಬೆರಳ ತುದಿಯ ಸಕ್ಕರೆ ಶೇಖರಪ್ಪನವರ ಬಾಯಿಯ ಹತ್ತಿರ ಬಂದಿತ್ತು. ಶೇಖರಪ್ಪನವರು ಬಾಯಿ ತೆರೆದಿದ್ದರು.

"ಅಪ್ಪಾಜಿ, ತಡೀರಿ. ನಾನು ಊಹೂಂ ಅಂದಿದ್ದು."

ಬಾಯಿ ತೆರೆದೇ ಇತ್ತು. ಮುಚ್ಚಿಕೊಂಡು, "ಹೂಂ ಅಂದೆಯಲ್ಲವ್ವಾ, ಎಲ್ರೂ ಕೇಳಿದ್ವಿ," ಎಂದರು.

"ಅದು ಹಲಗೆ ಅಂದಿದ್ದು. ನಾನು ಅಂದಿದ್ರಲ್ಲಿ ಅರ್ಧ ಮಾತ್ರ ಈಚೆ ಬಂತು."

"ಹಲಗೆ ಮಾತಾಡ್ತದಾ?" ಚನಬಸಪ್ಪನವರು ಕಿಂಡಿಯನ್ನು ಅನುಮಾನದಿಂದ ನೋಡಿದರು. "ನಾಚಿಕಿಗೆ ಹಂಗಂತಾಳೆ ಬಿಡ್ರಿ ಬೀಗ್ರೇ."

ರಕ್ಷಿತಾ ತಟ್ಟೆಯನ್ನು ಟೀಪಾಯ್ ಮೇಲೆ ಇಟ್ಟಳು. ಬಟ್ಟಲುಗಳು ಕಿಣಿಕಿಣಿ ಅಂದವು. "ನಾಚಿಕೆ ಅಲ್ಲ ಮಾಮ. ನನಗೆ ಈ ಮದುವೆ ಬೇಡ. ನಿಮ್ಮ ಮೇಲೆ ಗೌರವ ಇದೆ. ಆದ್ರೆ ಬೇಡ."

ಕುರ್ಚಿಯಲ್ಲಿ ಕೂತಿದ್ದ ಸಿದ್ದಾರ್ಥ್ ಚಾರ್ಜರಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ತಲೆ ತಗ್ಗಿಸಿಯೇ ಹೇಳಿದ: "ಅವ್ರು ಹೇಳ್ತಿರೋದು ನಿಜ ಅಪ್ಪ. ನಾನು ಬಾಗಿಲ ಪಕ್ಕ ಇದ್ನಲ್ಲ. ನಂಗೆ ಪೂರ್ತಿ ಕೇಳಿಸ್ತು. ಊಹೂಂ ಅಂದ್ರು."

ಇದನ್ನು ನಾನು ಬರೆದಿರಲಿಲ್ಲ. ಆಣೆಗೂ ಬರೆದಿರಲಿಲ್ಲ.

"ಮತ್ತೆ ಯಾಕೆ ಸುಮ್ನಿದ್ರಿ?" ರಕ್ಷಿತಾ ಕೇಳಿದಳು.

"ಎಲ್ರೂ ಅಷ್ಟು ಖುಷಿಯಾಗಿದ್ರು. ಈಗ ಯಾಕೆ ಹಾಳು ಮಾಡೋದು, ಆಮೇಲೆ ಇಬ್ರೇ ಕೂತು ಮಾತಾಡಿ ಸರಿ ಮಾಡ್ಕೊಂಡ್ರಾಯ್ತು ಅಂದ್ಕೊಂಡೆ."

"ಯಾವಾಗ? ಮದ್ವೆ ಆದ್ಮೇಲಾ?"

ಅವನು ಬೆರಳಿಗೆ ಸುತ್ತಿದ ವೈರನ್ನು ಬಿಚ್ಚತೊಡಗಿದ. ನನಗೆ ಅವನ ಪರ ವಹಿಸಬೇಕೆನಿಸಿತು. ಒಳ್ಳೆಯ ಹುಡುಗ ಎಂದೇ ಬರೆದಿದ್ದೇನಲ್ಲ, ಚಪ್ಪಲಿ ಜೋಡಿಸಿಟ್ಟವನು. ಈಗಲೂ ಒಳ್ಳೆಯವನೇ. ಆ ಹಾಲಿನಲ್ಲಿ ಊಹೂಂ ಪೂರ್ತಿ ಕೇಳಿಸಿದ್ದು ಅವನೊಬ್ಬನಿಗೇ, ಅವನೂ ಸುಮ್ಮನೆ ಕೂತ ಎಂಬುದನ್ನು ಮಾತ್ರ ಹೇಗೆ ಹೇಳಿದರೂ ಚಂದ ಮಾಡಲಾಗುತ್ತಿಲ್ಲ.

ಚನಬಸಪ್ಪನವರು ದೊಡ್ಡ ಮನುಷ್ಯರು. ಒಂದು ನಿಮಿಷ ಪೊಟ್ಟಣ ಹಿಡಿದು ನಿಂತರು. ಮನೆಯಿಂದ ತಂದ ಸಕ್ಕರೆ ವಾಪಸ್ ಒಯ್ಯಬಾರದು. ಕೊನೆಗೆ ಒಂದು ಟೀ ಬಟ್ಟಲು ಎತ್ತಿಕೊಂಡು ಅಷ್ಟನ್ನೂ ಅದಕ್ಕೆ ಸುರಿದು, ಕಲಕದೆ ಕುಡಿದು, "ಟೀ ಚೆನ್ನಾಗೈತವ್ವಾ," ಎಂದರು. ಮಗನಿಗೆ, "ನಡಿಯಪ್ಪಾ, ಟ್ರಾಫಿಕ್ ಶುರುವಾಗ್ತತಿ. ದಾರೀಲಿ ಮಾತಾಡಾಣ," ಎಂದರು. ಆ ಮಾತಿನ ದನಿ ಕೇಳಿ ಬೇಗೂರಿನ ತನಕ ಸಿದ್ದಾರ್ಥ್‌ನ ಗತಿಯೇನೆಂದು ನನಗೆ ಭಯವಾಯಿತು.

೮

ಇಲ್ಲಿಗೆ ನಿಲ್ಲಿಸಬಹುದಿತ್ತು. ಹುಡುಗಿಯ ಊ ಸಿಕ್ಕಿತು, ನೆಂಟರು ಹೋದರು, ಮಿಕ್ಕ ಮಂಡಕ್ಕಿ ಮೆತ್ತಗಾಯಿತು. ಪೆನ್ನು ಮುಚ್ಚಲು ಹೋದೆ. ಶೇಖರಪ್ಪನವರು ಬಿಡಲಿಲ್ಲ.

ಅವರು ಪೇಪರ್ ಬಿಡಿಸಲಿಲ್ಲ. ಮಗಳ ಮೇಲೆ ರೇಗಲೂ ಇಲ್ಲ. ಕುರ್ಚಿಯಲ್ಲಿ ಕೂತು ಹಲಗೆಯನ್ನೇ ನೋಡುತ್ತಿದ್ದರು.

"ರಕ್ಷಿತಾ. ಹಂಗಾರೆ ಮೊನ್ನೆ ಮಿರ್ಚಿಗೆ ನಿಮ್ಮಮ್ಮ..."

"ಊಹೂಂ ಅಂದಿದ್ರಂತೆ."

"ಹಬ್ಬಕ್ಕೆ ನಮ್ಮಕ್ಕನ್ನ ಕರ್ಸಾಣ ಅಂದಾಗ?"

"ಗೊತ್ತಿಲ್ಲ ಅಪ್ಪಾಜಿ."

"ಊರು ಬಿಟ್ಟು ಇಲ್ಲಿಗೆ ಬರಾಣೇನೆ ಅಂತ ಕೇಳಿದ್ನಲ್ಲ, ಆಗ? ಆಗ ಈ ಹಲಗೆ ಇರ್ಲಿಲ್ಲ. ಆ ಮನ್ಯಾಗೆ ನಾನು ಪಡಸಾಲ್ಯಾಗೆ ಕುಂತಿದ್ದೆ. ಆಕಿ ಒಳಗೆ ಏನೋ ಅಂದ್ಳು. ನಾನು ಹೂಂ ಅಂದ್ಳು ಅಂದ್ಕಂಡೆ."

ಮೇಷ್ಟ್ರು ಬಸಮ್ಮಾ ಎಂದು ಕೂಗಲು ಕಿಂಡಿಯ ಕಡೆ ತಿರುಗಿದರು, ಬಾಯಿ ತೆರೆದರು. ಕೂಗಲಿಲ್ಲ. ಕುರ್ಚಿಯ ಕೈ ಊರಿ ಎದ್ದು, ಪಂಚೆ ಸರಿಮಾಡಿಕೊಂಡು, ಹಾಲು ದಾಟಿ ಅಡುಗೆಮನೆಯೊಳಕ್ಕೆ ಹೋದರು.

ನಾನೂ ಪೆನ್ನು ಹಿಡಿದು ಹಿಂದೆಯೇ ಹೊರಟೆ. ರಕ್ಷಿತಾ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಒಳಗೆ. ಬಸಮ್ಮನವರು ಏನಂತಾರೆ ಅಂತ ಓದುಗರಿಗೆ ಗೊತ್ತಾಗಬೇಡವೇ?"

"ನೀವು ಇಲ್ಲೇ ಕೂತ್ಕೊಳ್ಳಿ ಸಾರ್. ಮಂಡಕ್ಕಿ ಇದೆ."

ಕೂತಿದ್ದೇನೆ. ಮುಕ್ತಾಯ ಕೊಡಿ ಎಂದು ನನ್ನನ್ನು ಕೇಳಬೇಡಿ, ನನ್ನ ಹತ್ತಿರ ಇಲ್ಲ. ಒಳಗೆ ಬಸಮ್ಮ ಮಾತಾಡುತ್ತಿದ್ದಾರೆ. ಬಹಳ ಹೊತ್ತಾಯಿತು. ಜಗಳವೋ ನಗುವೋ ಇಲ್ಲಿಂದ ತಿಳಿಯುತ್ತಿಲ್ಲ, ಪೂರ್ತಿ ವಾಕ್ಯಗಳಿಗೆ ಹಲಗೆ ಆಗಿಬರುವುದಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ, ಆ ಶ್ರುತಿಗೆ ಸೇರದ ಒಂದು ಗಂಡು ದನಿ, ಬಹಳ ಸಣ್ಣಗೆ, ಕಿವಿಗೊಟ್ಟರೆ ಮಾತ್ರ ಕೇಳುವ ಹಾಗೆ, ಹೂಂ ಅನ್ನುತ್ತಿದೆ. ಬಸಮ್ಮ ಮತ್ತೆ ಮುಂದುವರಿಸುತ್ತಾರೆ.